ರಿಯಾಝ್ ಕಾಲು ಆಡಿಸಿದ ಶುಕ್ರವಾರ

ಆ ದಿನಗಳಲ್ಲಿ ನಮ್ಮ ಶುಕ್ರವಾರದ ಮಧ್ಯಾಹ್ನ ಬೇರೆ ದಿನದ ಮಧ್ಯಾಹ್ನಗಳಿಗಿಂತ ಉದ್ದವಾಗಿತ್ತು. ಉಳಿದ ನಾಲ್ಕು ದಿನ ಊಟಕ್ಕೆ ಬಿಟ್ಟರೆ ಒಂದು ಗಂಟೆಯೂ ಸಿಗುತ್ತಿರಲಿಲ್ಲ. ಶುಕ್ರವಾರ ಜುಮಾ ನಮಾಜಿಗೆಂದು ಹನ್ನೆರಡೂವರೆಗೆ ಬೆಲ್ ಹೊಡೆದರೆ ಮತ್ತೆ ಬೆಂಚಿನ ಮೇಲೆ ಕೂರುವುದು ಎರಡು ಗಂಟೆಗೆ. ಕಾಸರಗೋಡಿನ ಶಾಲೆಗಳಲ್ಲಿ ಕಲಿತವರಿಗೆ ಆ ಒಂದೂವರೆ ಗಂಟೆಯ ರುಚಿಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಬೋವಿಕಾನದಿಂದ ಒಳಗೆ, ಗುಡ್ಡದ ನೆತ್ತಿಯ ಮೇಲೆ ನಮ್ಮ ಹೈಸ್ಕೂಲು. ಮೈದಾನವೆಂದರೆ ಮುರಕಲ್ಲಿನ ಪಾರೆಯನ್ನು ಜೆಸಿಬಿಯಲ್ಲಿ ಕೆತ್ತಿ, ಮೇಲೆ ಕೆಂಪು ಮಣ್ಣು ಹರಡಿದ ಜಾಗ. ಬಿದ್ದರೆ ಮೊಣಕಾಲಿನ ಚರ್ಮ ಮೈದಾನಕ್ಕೆ, ಮೈದಾನದ ಮಣ್ಣು ಮೊಣಕಾಲಿಗೆ. ಹಿಂದೂ ಹುಡುಗರಾದ ನಾವು ಶಾಲೆಯ ಅನ್ನ, ಹೆಸರುಕಾಳಿನ ಗಸಿ ಗಬಗಬ ಮುಗಿಸಿ ಅರ್ಧ ಟೀಮಿನಲ್ಲೇ ಫುಟ್ಬಾಲ್ ಶುರು ಮಾಡಿರುತ್ತಿದ್ದೆವು. ಒಂದೂಕಾಲಿಗೆ ಪಳ್ಳಿಯಿಂದ, ಅಂದರೆ ಮಸೀದಿಯಿಂದ, ಉಳಿದರ್ಧ ಟೀಮು ಓಡಿ ಬರುತ್ತಿತ್ತು. ಒದ್ದೆ ತಲೆ, ಕಾಲಿನ ಗಂಟಿಗಿಂತ ಮೇಲೆ ಮಡಚಿದ ಪ್ಯಾಂಟು, ಮೈಯಲ್ಲಿ ಅತ್ತರಿನ ಪರಿಮಳ. ಐದು ನಿಮಿಷದಲ್ಲಿ ಆ ಪರಿಮಳ ಬೆವರಿಗೆ ಸೋಲುತ್ತಿತ್ತು.

ಹತ್ತನೇ ಕ್ಲಾಸಿನಲ್ಲಿ ಎರಡು ಡಿವಿಷನ್, ಒಂದು ಕನ್ನಡ, ಒಂದು ಮಲಯಾಳಂ. ಶುಕ್ರವಾರದ ಆಟ ಇವೆರಡರ ನಡುವೆ. ಅದರಲ್ಲಿ ಭಾಷೆಯ ಜಗಳ ಒಂದಿಷ್ಟೂ ಇರಲಿಲ್ಲ. ಸೋತವರು ಗೆದ್ದವರಿಗೆ ಉಪ್ಪುನೀರಿನ ನೆಲ್ಲಿಕಾಯಿ ಕೊಡಿಸಬೇಕು, ಅಷ್ಟೇ ಜಗಳ. ನಾನು ಕನ್ನಡದ ಗೋಲ್‌ಕೀಪರ್. ಓಡಲಿಕ್ಕೆ ಬಾರದವನನ್ನು ಎಲ್ಲಿ ನಿಲ್ಲಿಸುವುದು ಎಂದು ಯೋಚಿಸಿ ಅಲ್ಲಿ ನಿಲ್ಲಿಸಿದ್ದರು. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುವ ಕೆಟ್ಟ ಅಭ್ಯಾಸ ಬೇರೆ ಇತ್ತು.

ರಿಯಾಝ್ ಮಲಯಾಳಂ ಡಿವಿಷನ್ನಿನ ಫಾರ್ವರ್ಡ್ ಆಟಗಾರ. ಮನೆಯ ಲೆಕ್ಕದಲ್ಲಿ ನನ್ನ ನೆರೆಯವನು. ನಮ್ಮ ಹಿತ್ತಿಲಿನ ಬೇಲಿಯ ತಡಮೆ ದಾಟಿದರೆ ಅವರ ಅಂಗಳ. ಅವನ ಉಪ್ಪ ಶಾರ್ಜಾದಲ್ಲಿದ್ದರು, ಆ ವರ್ಷ ಮಗನಿಗೆ ನಿಜವಾದ ಫುಟ್ಬಾಲ್ ಬೂಟು ಕಳಿಸಿದ್ದರು. ಬೆಳೆಯುವ ಕಾಲು ಎಂದು ಒಂದು ಸೈಜು ದೊಡ್ಡದು. ತುದಿಗೆ ಪೇಪರ್ ತುರುಕಿ ಹಾಕಿಕೊಳ್ಳುತ್ತಿದ್ದ. ನಡೆದರೆ ಹಿಮ್ಮಡಿ ನೆಲಕ್ಕೆ ಉಜ್ಜಿ ಸರಬರ ಎನ್ನುತ್ತಿತ್ತು. ನಾವೆಲ್ಲ ಬರಿಗಾಲಿನವರು. ಆ ಸದ್ದು ಕೇಳಿದರೆ ಹೊಟ್ಟೆಕಿಚ್ಚು ಆಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆ ಏನಿಲ್ಲ.

ಮಳೆ ಬಿಟ್ಟು ತಿಂಗಳಾಗಿತ್ತು. ಆ ಶುಕ್ರವಾರ ಎರಡು ಗೋಲಿಗೆ ಎರಡು ಗೋಲು, ಬೆಲ್ಲಿಗೆ ಐದು ನಿಮಿಷ. ಅವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಸೊಂಟದ ಎತ್ತರದಲ್ಲಿ ತೇಲಿ ಬಂತು. ರಿಯಾಝ್ ತಲೆ ಮುಂದೆ ಮಾಡಿ ಅದಕ್ಕೆ ಹಾರಿದ. ನಾನು ಮುಂದೆ ನುಗ್ಗಿ, ಮೊಣಕಾಲು ಎತ್ತಿ, ಎಂದಿನ ಹಾಗೆ ಕಣ್ಣು ಮುಚ್ಚಿದೆ. ಒಣ ತೆಂಗಿನಕಾಯಿ ಅಂಗಳಕ್ಕೆ ಬಿದ್ದ ಹಾಗೆ ಒಂದು ಸದ್ದು. ಅವನ ನೆತ್ತಿಗೂ ನನ್ನ ಮೊಣಕಾಲಿಗೂ ನಡುವೆ ಆದ ಸದ್ದು ಅದು. ಕಣ್ಣು ಬಿಟ್ಟಾಗ ಅವನು ಅಂಗಾತ ಬಿದ್ದಿದ್ದ, ಚೆಂಡು ಕಂಬದ ಹೊರಗೆ ಉರುಳುತ್ತಿತ್ತು.

“ಗೋಲಾ?” ಎಂದು ಕೇಳಿದ.

“ಎಂತ ಗೋಲು ಮಾರಾಯ, ಔಟ್. ಏಳು.”

ಅವನು ನಕ್ಕ. ಎದ್ದೇಳಲು ಎಡ ಮೊಣಕಾಲನ್ನು ಮೇಲೆ ಎಳೆದ. ಬೂಟಿನ ಹಿಮ್ಮಡಿ ಕೆಂಪು ಮಣ್ಣಿನಲ್ಲಿ ಒಂದು ಗೆರೆ ಎಳೆಯಿತು. ಕಾಲು ಜಾರಿತು, ಮತ್ತೊಮ್ಮೆ ಎಳೆದ, ಇನ್ನೊಂದು ಗೆರೆ. ಆಮೇಲೆ ಮುಖ ಹುಳ್ಳಗಾಯಿತು.

“ದಿನ್ನು, ಕುತ್ತಿಗೆ ಒಂಥರಾ ಆಗ್ತದೆ,” ಎಂದ.

ಅವನ ಹತ್ತಿರ ಇದ್ದದ್ದು ನಾನೊಬ್ಬನೇ. ಉಳಿದವರು ಕಾರ್ನರೋ ಗೋಲ್‌ಕಿಕ್ಕೋ ಎಂದು ಜಗಳಕ್ಕೆ ನಿಂತಿದ್ದರು. ಆ ಎರಡು ಗೆರೆ ನೋಡಿದವನು ಇಡೀ ಮೈದಾನದಲ್ಲಿ ನಾನೊಬ್ಬನೇ.

ಇಲ್ಲಿ ನಮ್ಮೂರಿನ ಒಂದು ಗುಣ ಹೇಳಬೇಕು. ನಮ್ಮಲ್ಲಿ ಯಾರಾದರೂ ಬಿದ್ದರೆ ಬಿದ್ದವನು ಯಾರು, ಹೇಗೆ ಬಿದ್ದ ಎಂದು ಕೇಳುವ ಕ್ರಮ ಇರಲಿಲ್ಲ. ಮೊದಲು ಹತ್ತು ಕೈ ಅವನನ್ನು ಎತ್ತುತ್ತಿದ್ದವು. ಸಿಕ್ಕಿದ ಗಾಡಿ ನಿಲ್ಲಿಸಿ, ಒಳಗೆ ತುಂಬಿಸಿ, ಹೆಡ್‌ಲೈಟ್ ಹಾಕಿ, ಕಿಟಕಿಯಿಂದ ಬಿಳಿ ಬಟ್ಟೆ ಬೀಸುತ್ತಾ ಆಸ್ಪತ್ರೆಗೆ. ಮಾತು, ವಿಚಾರಣೆ ಎಲ್ಲ ಆಮೇಲೆ. ಮರದಿಂದ ಬಿದ್ದವರು, ಬಸ್ಸು ತಾಗಿದವರು ಎಷ್ಟೋ ಜನ ಇದರಿಂದ ಬದುಕಿದ್ದಾರೆ. ಅದು ನಮ್ಮ ಹೆಮ್ಮೆ. ಆ ಹೆಮ್ಮೆಗೆ ಒಂದು ಹೆಸರಿದ್ದರೆ ಅದು ಅಬ್ಬಾಸಿಚ್ಚ. ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವ ನೀಲಿ ಅಂಗಿಯವರ ಗುಂಪಿನ ಮುಖ್ಯಸ್ಥರು. ನನ್ನ ಅಪ್ಪ ಮಾವಿನ ಮರದಿಂದ ಬಿದ್ದು ಕಾಲು ಮುರಿದಾಗ ಗುಡ್ಡದ ಕೆಳಗಿನಿಂದ ಮಾರ್ಗದ ತನಕ ಹೆಗಲ ಮೇಲೆ ಹೊತ್ತು ತಂದವರು ಅವರೇ.

ಜುಮಾ ಮುಗಿಸಿ, ಪಳ್ಳಿಯ ಅಂಗಳದಲ್ಲಿ ಮಾತಾಡಿ, ಗಂಡಸರು ಮೈದಾನದ ಬದಿಯಲ್ಲೇ ಮನೆಗೆ ಹೋಗುವ ಹೊತ್ತು ಅದು. ಯಾರೋ ಕಿರುಚಿದ್ದು ಕೇಳಿ ಬಿಳಿ ಬಟ್ಟೆಯ ಒಂದು ಗುಂಪೇ ಇಳಿದು ಬಂತು. ಮುಂದೆ ಅಬ್ಬಾಸಿಚ್ಚ, ಚಪ್ಪಲಿ ದಾರಿಯಲ್ಲೇ ಬಿಟ್ಟಿದ್ದರು.

“ಎಂತ ನೋಡ್ತಾ ನಿಂತಿದ್ದೀರಿ? ಹಿಡೀರಿ!”

ಅವರು ಕಂಕುಳಿಗೆ ಕೈ ಕೊಟ್ಟರು. ಇಬ್ಬರು ಸೊಂಟಕ್ಕೆ. ಕಾಲು ನನ್ನ ಪಾಲಿಗೆ ಬಂತು. ನಾನೂ ಹಿಡಿದೆ. ಎತ್ತಿದಾಗ ರಿಯಾಝ್‌ನ ತಲೆ ಹಿಂದಕ್ಕೆ ಜೋತುಬಿತ್ತು. ಅದನ್ನು ಹಿಡಿಯಲು ಯಾರಿಗೂ ಹೊಳೆಯಲಿಲ್ಲ. “ಹಾ” ಎಂದು ಅವನ ಬಾಯಿಂದ ಒಂದು ಸಣ್ಣ ಸ್ವರ ಬಂತು. ಅಷ್ಟು ಹೊತ್ತು ನನ್ನ ಕೈಯೊಳಗೆ ಬಿಗಿಯಾಗಿದ್ದ ಎಡಗಾಲು, ಆ ಸ್ವರದ ಜೊತೆಗೇ, ನೆನೆದ ಬಟ್ಟೆಯಷ್ಟು ಸಡಿಲವಾಯಿತು.

ಮಾರ್ಗದಲ್ಲಿ ಸಿಕ್ಕಿದ ಒಂದು ಜೀಪಿನ ಹಿಂದಿನ ಸೀಟಿನಲ್ಲಿ ಅವನನ್ನು ಉದ್ದಕ್ಕೆ ಮಲಗಿಸಿದರು. ತಲೆ ಅಬ್ಬಾಸಿಚ್ಚನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಊಟದ ಕೈಯಲ್ಲೇ ಓಡಿ ಬಂದ ಪಿ.ಟಿ.ಯ ರಾಘವ ಮಾಷ್ ಮುಂದೆ ಕೂತು ಬಿಳಿ ಟವೆಲ್ ಬೀಸಿದರು. ಚೆರ್ಕಳಕ್ಕೆ ಯಾರೋ ಆಗಲೇ ಫೋನ್ ಮಾಡಿದ್ದರು, ಅಲ್ಲಿ ಕ್ಲಬ್ಬಿನ ಹುಡುಗರು ಬಸ್ಸುಗಳನ್ನು ತಡೆದು ನಿಂತಿದ್ದರು.

“ದಿನ್ನು,” ಎಂದ ರಿಯಾಝ್, ಮೇಲೆ ಜೀಪಿನ ಟರ್ಪಾಲು ನೋಡುತ್ತಾ. “ನನ್ನ ಕಾಲು ಎಲ್ಲಿ ಇಟ್ಟಿದ್ದೀರಿ?”

“ಇಲ್ಲೇ ಉಂಟು. ನನ್ನ ತೊಡೆ ಮೇಲೆ.”

“ಸುಳ್ಳು ಹೇಳಬೇಡ.”

ನಾನು ಅವನ ಬೂಟನ್ನು ಗಟ್ಟಿಯಾಗಿ ಅಮುಕಿದೆ. ಅವನಿಗೆ ಗೊತ್ತಾಗಲಿಲ್ಲ.

ಕಾಸರಗೋಡಿನಲ್ಲಿ ನೋಡಿದ ಡಾಕ್ಟರು ಕತ್ತಿಗೆ ಪಟ್ಟಿ ಕಟ್ಟಿ, “ಇಲ್ಲಿ ಆಗುವುದಿಲ್ಲ, ಮಂಗಳೂರು,” ಎಂದರು. ಆಂಬುಲೆನ್ಸ್ ಹೊರಟಿತು. ಕುಂಬಳೆ, ಉಪ್ಪಳ, ಮಂಜೇಶ್ವರ, ಪ್ರತಿ ಪೇಟೆಯಲ್ಲೂ ಹುಡುಗರು ಪೀಪಿ ಊದಿ ದಾರಿ ಬಿಡಿಸಿದರು. ಅವರಿಗೆ ಒಳಗಿರುವವನ ಹೆಸರೂ ಗೊತ್ತಿರಲಿಲ್ಲ. ತಲಪಾಡಿ ದಾಟುವವರೆಗೆ ನಾವು ಒಂದು ಕಡೆಯೂ ನಿಲ್ಲಲಿಲ್ಲ.

ಸ್ಕ್ಯಾನ್ ಮುಗಿಸಿದ ಡಾಕ್ಟರು ಹೊರಗೆ ಬಂದಾಗ ಐದು ಗಂಟೆ ದಾಟಿರಬೇಕು. ಸಣ್ಣ ಪ್ರಾಯದವರು, ದಣಿದಿದ್ದರು. ಕತ್ತಿನ ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತಿದೆ ಎಂದರು. ಆಮೇಲೆ ಕೇಳಿದರು:

“ಬಿದ್ದ ಮೇಲೆ ಹುಡುಗ ಕೈಕಾಲು ಆಡಿಸಿದ್ದಾನಾ? ಸರಿಯಾಗಿ ನೆನಪು ಮಾಡಿ ಹೇಳಿ.”

“ಇಲ್ಲ ಸರ್, ಬಿದ್ದಲ್ಲಿಗೇ ಬಿದ್ದದ್ದು,” ಎಂದರು ರಾಘವ ಮಾಷ್. ಅವರು ಬರುವಾಗ ಹಾಗೇ ಇತ್ತು, ಸುಳ್ಳೇನಲ್ಲ.

“ನಾನು ಬಂದಾಗ ಅಲುಗ್ತಿರಲಿಲ್ಲ ಡಾಕ್ಟ್ರೇ,” ಎಂದರು ಅಬ್ಬಾಸಿಚ್ಚ. ಅದೂ ಸುಳ್ಳಲ್ಲ.

“ಬೇರೆ ಯಾರಾದರೂ ನೋಡಿದವರು ಉಂಟಾ?”

ಡಾಕ್ಟರ ಕಣ್ಣು ನನ್ನ ಕೆಂಪು ಮಣ್ಣಿನ ಅಂಗಿಯ ಮೇಲೆ ಬಂತು. ನಾನು ನೆಲದ ಟೈಲ್ಸ್ ನೋಡಿದೆ. ಅವರು ಒಂದು ಕ್ಷಣ ಕಾದು, ನಾಳೆ ಬೆಳಿಗ್ಗೆ ತೀರ್ಮಾನ ಮಾಡುವ ಎಂದು ಒಳಗೆ ಹೋದರು.

ನಾನು ಯಾಕೆ ಬಾಯಿ ಬಿಡಲಿಲ್ಲ? ಹೆದರಿಕೆ ಎಂದರೆ ಅರ್ಧ ಸತ್ಯ. ನನ್ನ ಮೊಣಕಾಲಿನ ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು. ಅವನು ಬಿದ್ದ ಮೇಲೆ ಕಾಲು ಆಡಿಸಿದ್ದ ಎಂದು ಹೇಳಿದರೆ, ಹಾಗಾದರೆ ಯಾವಾಗ ನಿಂತಿತು ಎಂದು ಕೇಳುತ್ತಾರೆ. ಎತ್ತಿದಾಗ ಎನ್ನಬೇಕು. ಎತ್ತಿದ್ದು ಯಾರು? ನನ್ನ ಅಪ್ಪನನ್ನು ಹೊತ್ತು ತಂದ ಮನುಷ್ಯ. ಅವರ ಮುಖ ನೋಡಿಕೊಂಡು ಆ ಮಾತು ಹೇಳಲು ಹದಿನೈದು ವರ್ಷದ ನನ್ನ ನಾಲಿಗೆಗೆ ಬಲ ಇರಲಿಲ್ಲ.

ಒಂದು ಗಂಟೆ ಹಾಗೆ ಕಳೆಯಿತು. ಫಿನಾಯಿಲ್ ವಾಸನೆ, ಗೋಡೆಯ ಗಡಿಯಾರ, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು. ಅಬ್ಬಾಸಿಚ್ಚ ಕೆಳಗೆ ಹೋಗಿ ಚಾಯವೂ ಬನ್ನೂ ತಂದರು. “ತಿನ್ನು ಮೋನೇ. ನಿನ್ನ ತಪ್ಪಲ್ಲ, ಆಟದಲ್ಲಿ ಆಗ್ತದೆ,” ಎಂದರು. ನಾನು ಬನ್ನನ್ನು ತಿನ್ನದೆ ಕಾಗದದಲ್ಲೇ ಸುತ್ತಿ ಜೇಬಿಗೆ ಹಾಕಿದೆ.

ಎಲ್ಲಿಂದಲೋ ಸಂಜೆಯ ಬಾಂಗ್ ಕೇಳಿತು. ಅವರು ವರಾಂಡದ ಮೂಲೆಯಲ್ಲಿ ಟವೆಲ್ ಹಾಸಿ ನಮಾಜು ಮಾಡಿದರು. ಮುಗಿಸಿ ಎದ್ದು ಟವೆಲ್ ಕೊಡವುವಾಗ ನಾನು ಎದುರು ಹೋಗಿ ನಿಂತೆ.

“ಇಚ್ಚ, ಅವನು ಕಾಲು ಆಡಿಸಿದ್ದ.”

“ಯಾವಾಗ?”

“ನೀವು ಬರುವ ಮೊದಲು. ಎರಡು ಸಲ. ಎತ್ತಿದಾಗ ನಿಂತದ್ದು.”

ಟವೆಲ್ ಕೊಡವುವುದನ್ನು ಅವರು ನಿಲ್ಲಿಸಿದರು. ನನಗೆ ಏಟು ಬೀಳುತ್ತದೆ ಅಂದುಕೊಂಡೆ. ಬಿದ್ದಿದ್ದರೆ ಚೆನ್ನಾಗಿತ್ತು.

“ಸತ್ಯವಾ?”

“ಅಮ್ಮನಾಣೆ.”

ಅವರು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟರು. ಒಳಗೆ ಬಿಡುವುದಿಲ್ಲ ಎಂದ ಕಾವಲಿನವನನ್ನು ಹೆಗಲಲ್ಲೇ ಬದಿಗೆ ಸರಿಸಿದರು. ಡಾಕ್ಟರು ಮೇಜಿನ ಮುಂದೆ ಏನೋ ಬರೆಯುತ್ತಿದ್ದರು.

“ಡಾಕ್ಟ್ರೇ, ಇವ ನೋಡಿದ್ದಾನೆ. ಬಿದ್ದ ಮೇಲೆ ಹುಡುಗ ಕಾಲು ಆಡಿಸಿದ್ದಾನೆ. ಆಮೇಲೆ ಎತ್ತಿದ್ದು ನಾನು. ನನ್ನ ಹೆಸರು ಬರ್ಕೊಳ್ಳಿ.”

“ನಿಮ್ಮ ಹೆಸರು ಯಾರಿಗೆ ಬೇಕು?” ಎಂದು ಡಾಕ್ಟರು ಎದ್ದೇ ಬಿಟ್ಟರು. “ಯಾವ ಕಾಲು? ಎಷ್ಟು ಸಲ?”

“ಎಡ. ಎರಡು ಸಲ. ಮೊಣಕಾಲು ಮಡಚಿದ್ದ,” ಎಂದೆ.

“ಇದನ್ನು ಆಗಲೇ ಹೇಳಬಾರದಿತ್ತಾ?”

ನಾನು ಬಾಯಿ ತೆರೆದೆ. ಅಬ್ಬಾಸಿಚ್ಚ ನಡುವೆ ಬಂದರು. “ಅವನನ್ನು ನಾವು ಯಾರೂ ಕೇಳಲಿಲ್ಲ ಡಾಕ್ಟ್ರೇ.”

ಆಡಿಸಿದ್ದರೆ ಹುರಿ ಪೂರ್ತಿ ಕಡಿದಿಲ್ಲ, ಬೆಳಿಗ್ಗೆವರೆಗೆ ಕಾಯುವುದು ಬೇಡ, ಒತ್ತಡವನ್ನು ಈಗಲೇ ತೆಗೆಯಬೇಕು ಎಂದರು ಡಾಕ್ಟರು. ಹೋಗುವ ಮೊದಲು ಅಬ್ಬಾಸಿಚ್ಚನ ಕಡೆ ತಿರುಗಿ, “ಬೀಳುವಾಗ ಎಷ್ಟು ಜಾರಿತು, ಎತ್ತುವಾಗ ಎಷ್ಟು ಜಾರಿತು, ಅದನ್ನು ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಇನ್ನು ಮುಂದೆ ಹಾಗೆ ಎತ್ತಬೇಡಿ,” ಎಂದರು. ಅಬ್ಬಾಸಿಚ್ಚ ತಲೆ ಆಡಿಸಿದರು. ಅದರ ಮೊದಲರ್ಧ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಎರಡನೇ ಅರ್ಧ ಜೀವಮಾನಕ್ಕೆ ನಾಟಿತು.

ಆಪರೇಶನ್ ಆ ರಾತ್ರಿಯೇ ಆಯಿತು. ಪ್ರಾಣಕ್ಕೆ ಭಯವಿಲ್ಲ, ನಡೆಯುತ್ತಾನೋ ಇಲ್ಲವೋ ಹೇಳಲಾಗದು ಎಂಬ ಮಾತು ಹಿಡಿದುಕೊಂಡು ನಾವು ಊರಿಗೆ ಬಂದೆವು.

ಮಾತು ನಮಗಿಂತ ಮೊದಲು ಬಂದಿತ್ತು. ಬಾಳೆಹಣ್ಣಿನ ಗೊನೆ ತೂಗಿದ ಚಾಯದ ಅಂಗಡಿಯಲ್ಲಿ ಅದೇ ಚರ್ಚೆ. “ಹೋಮ ಮಾಡ್ಲಿಕ್ಕೆ ಹೋಗಿ ಕೈ ಸುಟ್ಟುಕೊಂಡ ಹಾಗಾಯ್ತು,” ಎಂದರು ಒಬ್ಬರು. “ಇನ್ನು ಯಾರು ಬಿದ್ರೂ ನಾನು ಮುಟ್ಟುವುದಿಲ್ಲಪ್ಪ,” ಎಂದರು ಇನ್ನೊಬ್ಬರು. ನಾನು ನೆಲ್ಲಿಕಾಯಿಗೆ ಹೋದವನು ಹಾಗೇ ತಿರುಗಿ ಬಂದೆ. ಬೆನ್ನ ಹಿಂದೆ, “ಅವನೇ ಹೇಳಿದ್ದಂತೆ,” ಎನ್ನುವುದು ಕೇಳಿತು. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ಮುಖ ಎತ್ತದೆ, “ಹೇಳಿದ್ದು ಸರಿ. ಅವರ ಮಾತಿಗೆ ಸೊಪ್ಪು ಹಾಕ್ಬೇಡ,” ಎಂದಳು. ಸರಿ ಎಂದು ಅವಳು ಅನ್ನುವಾಗಲೆಲ್ಲ ನನಗೆ ಆ ಒಂದು ಗಂಟೆ ನೆನಪಾಗುತ್ತಿತ್ತು. ಅದನ್ನು ನಾನು ಅವಳಿಗೂ ಹೇಳಲಿಲ್ಲ.

ಹೊಸ ವರ್ಷ ಕಳೆದು ರಿಯಾಝ್‌ನನ್ನು ಮನೆಗೆ ತಂದರು. ಅವರ ಮನೆ ತಗ್ಗಿನಲ್ಲಿ, ಮಾರ್ಗದಿಂದ ನಲವತ್ತೆರಡು ಮುರಕಲ್ಲಿನ ಮೆಟ್ಟಿಲು ಇಳಿಯಬೇಕು. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ವಾರಕ್ಕೆ ಮೂರು ಸಲ ಮೆಟ್ಟಿಲು ಹತ್ತಿಸಿ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಪಂಚಾಯತಿನ ಪಾಲಿಯೇಟಿವ್ ವ್ಯಾನಿನಲ್ಲಿ ಶೈಲಜ ಸಿಸ್ಟರ್ ಬಂದರು. ಆ ವ್ಯಾನು ನಿಂತದ್ದು ನೋಡಿ, ಸಾಯುವವರ ಮನೆಗೆ ಮಾತ್ರ ಅದು ಬರುವುದು ಎಂದು ನಂಬಿದ್ದ ನಮ್ಮೂರಿನವರು ಒಬ್ಬೊಬ್ಬರಾಗಿ ಅಳುಮುಖ ಹೊತ್ತು ಅಂಗಳಕ್ಕೆ ಇಳಿದರು. ಒಳಗಿನಿಂದ ರಿಯಾಝ್, “ನಾನು ಇನ್ನೂ ಉಂಟು ಮಾರಾಯ್ರೇ, ಆಮೇಲೆ ಬನ್ನಿ,” ಎಂದು ಕೂಗಿದ. ಎರಡು ತಿಂಗಳ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಆ ಜನರ ಹಿಂದೆ, ಅಂಗಳದ ತುದಿಯಲ್ಲಿ ಅಬ್ಬಾಸಿಚ್ಚ ನಿಂತಿದ್ದರು. ಅಷ್ಟು ದಿನ ಆ ಮನೆಯ ಕಡೆ ಕಾಲಿಟ್ಟಿರಲಿಲ್ಲ. ನೇರ ಬಂದು ರಿಯಾಝ್‌ನ ಉಮ್ಮನ ಎದುರು ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದರು.

“ನಫೀಸಾ, ನಿನ್ನ ಮಗ ಕಾಲು ಆಡಿಸ್ತಾ ಇದ್ದ. ಎತ್ತಿದ್ದು ನಾನು. ನೀನು ಎಂತ ಹೇಳಿದ್ರೂ ಕೇಳಿಸಿಕೊಳ್ತೇನೆ.”

ನಫೀಸ ಉಮ್ಮ ಸಣ್ಣ ದೇಹದ ಹೆಂಗಸು, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಲೆಯ ಬಟ್ಟೆ ಸರಿಮಾಡಿಕೊಂಡು ಕೇಳಿದರು:

“ಅವತ್ತು ಯಾರ್ಯಾರು ಹಿಡಿದದ್ದು?”

ಅಬ್ಬಾಸಿಚ್ಚ ಹೆಸರು ಹೇಳಿದರು. ನೀಲಿ ಅಂಗಿಯ ಇಬ್ಬರು, ಮತ್ತೆ ನಾನು.

“ಹಾಗಾದ್ರೆ ನೀವೇ ಬರಬೇಕು. ದಿನಾ. ಅವತ್ತು ಯಾರು ಎಲ್ಲಿ ಹಿಡಿದದ್ದೋ ಅಲ್ಲೇ ಹಿಡೀರಿ. ಎತ್ತಿದವರು ನೀವು, ಅವನು ನೆಲಕ್ಕೆ ಕಾಲು ಊರುವ ತನಕ ನೀವೇ ಎತ್ತಿ. ನಾನು ಬೇರೆಯವರ ಕೈಗೆ ಕೊಡುವುದಿಲ್ಲ.”

ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಬ್ಬಾಸಿಚ್ಚ ಮಾತ್ರ ಅಳುತ್ತಾ ಅಂಗಳದಲ್ಲೇ ಕೂತುಬಿಟ್ಟರು.

ಶೈಲಜ ಸಿಸ್ಟರ್ ಮರುದಿನದಿಂದ ಪಾಠ ಶುರು ಮಾಡಿದರು. ಮೂಟೆ ಹೊರುವವರಿಗೆ ಹೊರುವ ಪಾಠ. “ತಲೆ ಹಿಡಿದವನೇ ಯಜಮಾನ. ಅವನು ಎಣಿಸದೆ ಒಂದು ಬೆರಳೂ ಅಲುಗಬಾರದು. ತಲೆ, ಹೆಗಲು, ಸೊಂಟ, ಕಾಲು ಒಂದೇ ಸಲಕ್ಕೆ ತಿರುಗಬೇಕು,” ಎಂದರು. ಅಬ್ಬಾಸಿಚ್ಚ ತಲೆ ಹಿಡಿಯಲು ಹೆದರಿ ಹಿಂದೆ ಸರಿದರು. ಉಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮುಖ ನೋಡಿ ಇಚ್ಚ ಮತ್ತೆ ಮುಂದೆ ಬಂದರು. ಎರಡೂ ಅಂಗೈಯಲ್ಲಿ ತಲೆ ಹಿಡಿದು, “ಬಿಸ್ಮಿಲ್ಲಾ. ಒಂದು. ಎರಡು. ತಿರುಗಿಸಿ.”

ನಾನು ಕಾಲಿನವನು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಎರಡು ಸಲ. ಪೇಟೆಗೆ ಲಾರಿ ಬಂದು ನಿಂತರೂ ಆ ಹೊತ್ತಿಗೆ ನೀಲಿ ಅಂಗಿಯವರು ಮೂಟೆ ಬಿಟ್ಟು ಮೆಟ್ಟಿಲು ಇಳಿಯುತ್ತಿದ್ದರು, ಲಾರಿಯವರು ಕಾಯುತ್ತಿದ್ದರು. ಚಾಯದ ಅಂಗಡಿಯಲ್ಲಿ ಮುಟ್ಟುವುದಿಲ್ಲ ಎಂದಿದ್ದವರೇ ಅವನನ್ನು ಕೂರಿಸಿದ ಕುರ್ಚಿಯನ್ನು ಮೆಟ್ಟಿಲು ಹತ್ತಿಸಲು ಬಂದರು. ನಮ್ಮ ಮನೆಯ ನೀರುದೋಸೆ ತಡಮೆ ದಾಟಿ ಹೋಗುತ್ತಿತ್ತು, ಅಲ್ಲಿಂದ ಎಣ್ಣೆಯಲ್ಲಿ ಕರಿದ ಅಕ್ಕಿಯ ನೈಪತ್ತಲ್ ಬರುತ್ತಿತ್ತು. ಕೋಣೆಯಲ್ಲಿ ಮೈಗೆ ತಿಕ್ಕುವ ಮುರಿವೆಣ್ಣೆ ತೈಲದ ವಾಸನೆ. ರಿಯಾಝ್ ಕೆಲವು ದಿನ ಎಲ್ಲರನ್ನೂ ಬೈಯುತ್ತಿದ್ದ, ಕೆಲವು ದಿನ ಗೋಡೆಗೆ ಮುಖ ಮಾಡಿ ಮಾತೇ ಆಡುತ್ತಿರಲಿಲ್ಲ. ನಾವು ಎಣಿಸಿ ತಿರುಗಿಸುತ್ತಿದ್ದೆವು. ಸಿಸ್ಟರ್ ಪ್ರತಿ ಸಲ ಅವನ ಹೆಬ್ಬೆರಳು ಮುಟ್ಟಿ ನೋಡಿ, ಪುಸ್ತಕದಲ್ಲಿ ಏನೋ ಬರೆದು, ಮುಖದಲ್ಲಿ ಏನೂ ತೋರಿಸದೆ ಹೋಗುತ್ತಿದ್ದರು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಆರು ತಿಂಗಳಲ್ಲಿ ಬಾರದ್ದು ಆಮೇಲೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕ್ಯಾಲೆಂಡರ್ ಇದ್ದ ಗೋಡೆಯ ಕಡೆ ಯಾರೂ ನೋಡುತ್ತಿರಲಿಲ್ಲ.

ಎಸೆಸೆಲ್ಸಿ ಪರೀಕ್ಷೆ ನಡೆಯುತ್ತಿದ್ದ ಒಂದು ಮಧ್ಯಾಹ್ನ. ಗುಡ್ಡವೆಲ್ಲ ಗೇರುಹಣ್ಣಿನ ಹುಳಿವಾಸನೆ. ಲೆಕ್ಕದ ಪೇಪರ್ ಕೆಟ್ಟು ಬಂದಿತ್ತು, ಅದೇ ಸಿಟ್ಟಿನಲ್ಲಿ ಬಂದು ಅವನ ಕಾಲು ಹಿಡಿದೆ. ಇಚ್ಚ “ಒಂದು” ಎಂದರು. ಆಗ ನನ್ನ ಕೈಯೊಳಗೆ ಎಡಗಾಲು ಬಿಗಿಯಾಯಿತು. ಅಂದು ಜಾರಿಹೋದದ್ದೇ ತಿರುಗಿ ಬಂದ ಹಾಗೆ.

“ಇಚ್ಚ, ಕಾಲು!” ಎಂದು ಕಿರುಚಿದೆ. ಈ ಸಲ ಒಂದು ಕ್ಷಣವೂ ತಡ ಮಾಡಲಿಲ್ಲ.

“ಬಾಯಿ ಮುಚ್ಚು. ತಲೆ ನನ್ನ ಕೈಯಲ್ಲಿ ಉಂಟು,” ಎಂದರು ಅಬ್ಬಾಸಿಚ್ಚ. ಆತುರಕ್ಕೆ ಹೆಸರಾದ ಮನುಷ್ಯ ನಿಧಾನವಾಗಿ “ಎರಡು” ಎಂದರು, “ತಿರುಗಿಸಿ” ಎಂದರು. ರಿಯಾಝ್‌ನನ್ನು ಮಗ್ಗುಲಿಗೆ ತಂದು, ಬೆನ್ನಿಗೆ ದಿಂಬು ಕೊಟ್ಟು, ತಲೆಯನ್ನು ಮೆಲ್ಲಗೆ ಇಳಿಸಿದರು. ಕೈ ತೆಗೆದ ಮೇಲೆಯೇ ಕೇಳಿದ್ದು: “ಈಗ ಹೇಳು, ಎಂತ ಆಯ್ತು?”

“ಅವನೇ ಆಡಿಸಿದ,” ಎಂದೆ.

ಎಲ್ಲರೂ ಕಾಲು ನೋಡಿದೆವು. ಹೆಬ್ಬೆರಳು ಮೆಲ್ಲಗೆ, ಬೇಕೋ ಬೇಡವೋ ಎಂಬಷ್ಟು, ಬಾಗಿತು. ಉಮ್ಮ ಬಂದು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ನಾಲ್ಕು ಗಂಟೆ ಹೊತ್ತಿನ ಅಸರ್ ಬಾಂಗ್ ಆಗುವ ತನಕ ಬಿಡಲಿಲ್ಲ.

ರಿಯಾಝ್ ನೆಲಕ್ಕೆ ಕಾಲು ಊರಲು ಮತ್ತೆ ಒಂದು ವರ್ಷ ಹಿಡಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ, ಬಲಗೈಯಲ್ಲಿ ಶಕ್ತಿ ಅಷ್ಟಕ್ಕಷ್ಟೆ. ಎಡಗಾಲು ಸ್ವಲ್ಪ ಎಳೆಯುತ್ತಾನೆ, ಹಿಮ್ಮಡಿ ನೆಲಕ್ಕೆ ಉಜ್ಜಿ ಸರಬರ ಎನ್ನುತ್ತದೆ. ಏಳೇಳು ಜನ ಆಡುವ ಸೆವೆನ್ಸ್ ಫುಟ್ಬಾಲ್ ಪಂದ್ಯಗಳಲ್ಲಿ ಅವನದೇ ಮೈಕು. ಅವನ ಬಾಯಿಗೆ ಸಿಕ್ಕಿದ ಗೋಲ್‌ಕೀಪರನ ಕಥೆ ಮುಗಿದ ಹಾಗೆ. ನಾನು ಚೆರ್ಕಳದಲ್ಲಿ ಟೈಲ್ಸಿನ ಅಂಗಡಿ ನೋಡಿಕೊಳ್ಳುತ್ತೇನೆ. ಆ ಒಂದು ಗಂಟೆಯ ವಿಷಯ ಅವನಿಗೆ ಯಾವತ್ತೂ ಹೇಳಲಿಲ್ಲ. ಎಷ್ಟೋ ಸಲ ಬಾಯಿಯ ತನಕ ಬಂತು, ನುಂಗಿದೆ. ಅಬ್ಬಾಸಿಚ್ಚ ಮೂರು ವರ್ಷದ ಹಿಂದೆ ತೀರಿಕೊಂಡರು, ಅವರ ಜೊತೆ ಅದೂ ಹೋಯಿತು ಅಂದುಕೊಂಡಿದ್ದೆ.

ಶಾಲೆಯ ಕೆಳಗಿನ ಗದ್ದೆಯಲ್ಲಿ ಈಗ ಹಸಿರು ಟರ್ಫ್ ಆಗಿದೆ, ಸುತ್ತ ಬಲೆ, ಗಂಟೆಗೆ ಇಷ್ಟೆಂದು ಬಾಡಿಗೆ. ಕೆಂಪು ಮಣ್ಣು ಯಾರ ಮೊಣಕಾಲಿಗೂ ಅಂಟುವುದಿಲ್ಲ. ಕಳೆದ ತಿಂಗಳು ಒಂದು ಭಾನುವಾರ ಸಂಜೆ ಅಲ್ಲಿ ಪಂದ್ಯ. ಹದಿನಾರರ ಒಬ್ಬ ಹುಡುಗ ಹೆಡ್ ಮಾಡಲು ಹಾರಿ ಕುತ್ತಿಗೆ ಅಡಿಯಾಗಿ ಬಿದ್ದ.

“ಮುಟ್ಟಬೇಡಿ! ಯಾರೂ ಮುಟ್ಟಬೇಡಿ!” ಎಂದು ಹತ್ತು ಕಡೆಯಿಂದ ಕೂಗು. ನಮ್ಮೂರು ಕಲಿತ ಪಾಠ ಅದು, ನನ್ನ ಮಾತಿನಿಂದ ಶುರುವಾದ ಪಾಠ. ಆಂಬುಲೆನ್ಸಿಗೆ ಫೋನ್ ಹೋಯಿತು. ಎಲ್ಲರೂ ದೂರಕ್ಕೆ ವೃತ್ತವಾಗಿ ನಿಂತರು. ಎಲ್ಲವೂ ಸರಿಯಾಗಿತ್ತು. ನಡುವೆ ಆ ಹುಡುಗ ಒಬ್ಬನೇ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ಇಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು. ಉಳಿದವರು ಕೈ ಕಟ್ಟಿ ನಿಂತಿದ್ದರು, ನಾನೂ ಕೈ ಕಟ್ಟಿ ನಿಂತಿದ್ದೆ. ಚಪ್ಪಲಿ ಬಿಟ್ಟು ಓಡಿ ಬರುವವರು ಯಾರೂ ಇರಲಿಲ್ಲ. ಆ ಹತ್ತು ಕೈಗಳು ತಪ್ಪು ಮಾಡಿದ್ದವು, ನಿಜ. ಆದರೆ ತಪ್ಪನ್ನು ತಿದ್ದಿಕೊಳ್ಳುವಾಗ ನಾವು ಕೈಗಳನ್ನೇ ಕಳೆದುಕೊಂಡೆವೇನೋ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. ಇಚ್ಚ ಇದ್ದಿದ್ದರೆ ಆ ತಲೆ ಹಾಗೆ ಒಂಟಿಯಾಗಿ ಇರುತ್ತಿರಲಿಲ್ಲ.

ಆಗ ಸರಬರ ಸದ್ದು ಕೇಳಿತು. ಮೈಕು ಇಟ್ಟು ರಿಯಾಝ್ ಬರುತ್ತಿದ್ದ. ಕೋಲು ಊರಿ, ಕಾಲು ಎಳೆದು, ಅಷ್ಟು ದೂರ ಬರಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಮೊಬೈಲ್ ಹಿಡಿದವರು ನಾಚಿ ಕೈ ಇಳಿಸಿದರು. ಕಷ್ಟಪಟ್ಟು ನೆಲಕ್ಕೆ ಕೂತು, ಶಕ್ತಿಯಿಲ್ಲದ ಕೈಯನ್ನೂ ಇದ್ದ ಕೈಯನ್ನೂ ಹುಡುಗನ ಕಿವಿಯ ಎರಡು ಬದಿಗೆ ಇಟ್ಟ. ಎತ್ತಲಿಲ್ಲ.

“ಹೆದರಬೇಡ ಮೋನೇ. ನಾನು ಇಲ್ಲೇ ಉಂಟು. ಕಾಲು ಒಮ್ಮೆ ಆಡಿಸು ನೋಡುವ.”

ಹುಡುಗನ ಎಡಗಾಲು ಮಡಚಿತು, ಆಮೇಲೆ ಬಲಗಾಲು. ರಿಯಾಝ್ ತಲೆ ಬಿಡದೆ, ವೃತ್ತದಲ್ಲಿದ್ದ ನನ್ನನ್ನು ಕಣ್ಣಲ್ಲೇ ಹುಡುಕಿದ.

“ನೋಡಿದೆಯಾ ದಿನ್ನು?”

“ನೋಡಿದೆ.”

“ನೀನು ಆಂಬುಲೆನ್ಸಿನಲ್ಲಿ ಹೋಗು. ಡಾಕ್ಟ್ರು ಕೇಳಿದ ಕೂಡಲೇ ಹೇಳು,” ಎಂದ. ಆಮೇಲೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ: “ಈ ಸಲ ಒಂದು ಗಂಟೆ ಕಾಯಬೇಡ ಮಾರಾಯ.”